ತಾತನ ಎರಡು ಕಟಕ್

ಮೂರು ಗಂಟೆಗೆ ಅಕ್ಕನ ಡ್ರೈವಿಂಗ್ ಟೆಸ್ಟ್ ಇತ್ತು. ಹನ್ನೆರಡಕ್ಕೆ ಸಿಗ್ನಲ್ ಬಳಿ ಯಾರೋ ನಮ್ಮ ಕಾರಿನ ಕಿಟಕಿ ತಟ್ಟಿ, "ಏನೋ ಸೀಯ್ತಾ ಇದೆ, ಒಲೆ ಆರಿಸ್ರೀ" ಎಂದು ಹೇಳಿ ಹೋದರು.

ಸುಟ್ಟ ವಾಸನೆ ನಮಗೆ ಹೊಸದಲ್ಲ. ಮೂರು ತಿಂಗಳಿಂದ ಅದು ಮನೆಯವರಲ್ಲೊಬ್ಬರ ಹಾಗೆ ನಮ್ಮ ಜೊತೆಗೇ ಓಡಾಡಿಕೊಂಡಿತ್ತು. ಆದರೆ ಅವತ್ತು ಕಣ್ಣಲ್ಲಿ ನೀರು ಬಂತು.

"ಆರನೇ ಸಲ ಕಣೇ," ಎಂದಳು ಅಕ್ಕ. "ಈ ಸಲಾನೂ ಫೇಲಾದ್ರೆ ಕೆಲಸಾನೂ ಹೋಯ್ತು."

ಸೋಮವಾರದಿಂದ ಅವಳು ಗ್ರಂಥಾಲಯದ ಪುಸ್ತಕದ ವ್ಯಾನ್ ಓಡಿಸಬೇಕಿತ್ತು, ಲೈಸೆನ್ಸ್ ತೋರಿಸಿದರೆ ಮಾತ್ರ. ಹಿಂದಿನ ಐದು ಟೆಸ್ಟ್‌ಗಳಲ್ಲೂ ಪರೀಕ್ಷಕರು ಬರೆದದ್ದು ಒಂದೇ ಪದ: ಅತಿವೇಗ. ಮನೆಯಲ್ಲಿ ಯಾರಿಗೂ ಇದು ಅರ್ಥವೇ ಆಗಿರಲಿಲ್ಲ. ನಮ್ಮ ಜೊತೆ ಓಡಿಸುವಾಗ ಅಕ್ಕನನ್ನು ಸೈಕಲ್‌ನವರೂ ದಾಟಿಕೊಂಡು ಹೋಗುತ್ತಿದ್ದರು.

ಗ್ಯಾರೇಜಿನ ಮೆಕ್ಯಾನಿಕ್ ಬಾನೆಟ್ ಎತ್ತಿ ಬಗ್ಗಿದ, ಎದ್ದ. "ನಂಗೆ ಮೂಗು ಕೆಲಸ ಮಾಡಲ್ಲ. ಹತ್ತು ವರ್ಷ ಆಯ್ತು. ನೀವೇ ಮೂಸಿ ಹೇಳ್ಬೇಕು."

"ಅಣ್ಣಾ, ಸುಟ್ಟ ವಾಸನೆ," ಎಂದೆ.

"ಅದು ನನ್ನಜ್ಜಿಗೂ ಗೊತ್ತಮ್ಮ. ಎಣ್ಣೆ ಸುಟ್ಟಂಗಾ? ವೈರ್ ಸುಟ್ಟಂಗಾ? ಕ್ಲಚ್ ಸುಟ್ಟಂಗಾ?"

"ಹೊಸ ಚಪ್ಪಲಿ ಹಾಕ್ಕೊಂಡು ಸಿಮೆಂಟ್ ಮೇಲೆ ಜಾರಿದಂಗೆ."

"ನನ್ನ ಭವಿಷ್ಯ ಸುಟ್ಟಂಗೆ," ಎಂದಳು ಅಕ್ಕ.

ಮೆಕ್ಯಾನಿಕ್ ಚಕ್ರಗಳ ಹತ್ತಿರ ಒಂದೊಂದಾಗಿ ಅಂಗೈ ಹಿಡಿದ. ಮುಂದಿನವು ಬೆಚ್ಚಗಿದ್ದವು. ಹಿಂದಿನದರ ಬಳಿ ಕೈ ಚಾಚಿದವನೇ ಹಾವು ಕಂಡವನಂತೆ ಹಿಂದಕ್ಕೆಳೆದುಕೊಂಡ. "ಬ್ರೇಕು! ನಡೀರಿ, ಒಂದು ಸುತ್ತು ಹೋಗ್ಬರೋಣ. ಎಂದಿನ ಹಂಗೇ ಓಡ್ಸು ತಾಯಿ."

ಎಂದಿನ ಹಾಗೆ ಎಂದರೆ ಮುಂದಿನ ಸೀಟಿನಲ್ಲಿ ತಾತ. ತಾತ ಮೂವತ್ತೆರಡು ವರ್ಷ ಒಂದು ದೊಡ್ಡ ಅಂಗಡಿಯಲ್ಲಿ ಲಿಫ್ಟ್ ನಡೆಸಿದವರು. ಹಿಡಿ ತಿರುಗಿಸಿದರೆ ಏರುವ, ಇಳಿಯುವ ಹಳೇ ಕಾಲದ ಲಿಫ್ಟ್. ಕಾರು ಹತ್ತಿದ ಕೂಡಲೇ ಅವರ ಕೈ ತಾನಾಗಿ ಹ್ಯಾಂಡ್‌ಬ್ರೇಕಿನ ಮೇಲೆ ಹೋಗುತ್ತಿತ್ತು. ಪಾಪ, ಆಸರೆಗೆ ಹಿಡಿದುಕೊಳ್ಳುತ್ತಾರೆ ಅಂದುಕೊಂಡಿದ್ದೆವು.

ಅಕ್ಕ ಗೇರ್ ಹಾಕಿದಳು. ಕಾರು ಹೊರಟಿತು. ಹಿಂದೆ ನನ್ನ ಪಕ್ಕ ಕೂತಿದ್ದ ಮೆಕ್ಯಾನಿಕ್‌ಗೆ ಮೂಗಿರಲಿಲ್ಲ, ಕಿವಿ ಇತ್ತು.

ಕಟಕ್. ಕಟಕ್.

"ಯಜಮಾನ್ರೇ! ಅದ್ಯಾಕೆ ಎಳೆದ್ರಿ?"

"ಜನ ಇದ್ದಾರಲ್ಲಪ್ಪ ಒಳಗೆ," ಎಂದರು ತಾತ ಶಾಂತವಾಗಿ. "ಜನ ಇದ್ದಾಗ ಎರಡು ಕಟಕ್ ಬಿಗಿ ಇರ್ಬೇಕು. ಪೂರ್ತಿ ಬಿಟ್ರೆ ನೆಲಮಹಡಿಗೆ ಬೀಳ್ತೀವಿ."

ಮೆಕ್ಯಾನಿಕ್ ಅಕ್ಕನ ಕಡೆ ಬಗ್ಗಿದ. "ಸ್ಟಿಯರಿಂಗ್ ಮುಂದೆ ಬ್ರೇಕಿನ ಕೆಂಪು ದೀಪ ಉರೀತಿದೆಯಲ್ಲಮ್ಮ, ಕಾಣ್ಸಲ್ವಾ?"

"ಅದು ಒಳಗೆ ಜನ ಇದ್ದಾರೆ ಅಂತ," ಎಂದೆವು ನಾನೂ ಅಕ್ಕನೂ ಒಟ್ಟಿಗೆ. ತಾತ ಹಾಗೇ ಹೇಳಿಕೊಟ್ಟಿದ್ದರು. ಲಿಫ್ಟಿನಲ್ಲಿ ಹಾಗೇ ಇತ್ತಂತೆ.

ಮೆಕ್ಯಾನಿಕ್ ಕಾರನ್ನು ಗ್ಯಾರೇಜಿಗೆ ವಾಪಸ್ ತರಿಸಿದ. ಆಮೇಲೆ ಚಕ್ರ ಆರುವ ತನಕ ಕಾದು, ಬಿಚ್ಚಿ, ಕನ್ನಡಿಯಂತೆ ನುಣುಪಾಗಿದ್ದ ಬ್ರೇಕಿನ ಪಟ್ಟಿಗಳನ್ನು ಮರಳುಕಾಗದದಿಂದ ಉಜ್ಜಿ, ಕೇಬಲ್ ಸರಿಮಾಡಿ ಮತ್ತೆ ಕೂರಿಸಿದ. ಗಂಟೆ ಎರಡಾಗಿತ್ತು.

"ಹೂಂ, ಈಗ ಓಡ್ಸು," ಎಂದು ಹಿಂದಿನ ಸೀಟಿನಿಂದಲೇ ತಾತನ ಕೈ ಗಟ್ಟಿಯಾಗಿ ಹಿಡಿದುಕೊಂಡ.

ಅಕ್ಕ ಎಂದಿನ ಹಾಗೆ ಆಕ್ಸಿಲರೇಟರ್ ತುಳಿದಳು. ಕಾರು ಬಾಣದ ಹಾಗೆ ಹಾರಿ ಹಳೇ ಟೈರುಗಳ ಗುಡ್ಡೆಗೆ ಮುಖ ಹುದುಗಿಸಿತು.

ಆ ಟೈರುಗಳ ನಡುವೆ ನಮಗೆ ಜ್ಞಾನೋದಯವಾಯಿತು. ಅಕ್ಕ ಕಲಿತದ್ದೆಲ್ಲ ತಾತನ ಎರಡು ಕಟಕ್ ಸಮೇತ. ಟೆಸ್ಟಿನ ದಿನ ಪಕ್ಕದಲ್ಲಿ ಕೂರುತ್ತಿದ್ದದ್ದು ಪರೀಕ್ಷಕರು. ಅವರು ಏನನ್ನೂ ಎಳೆಯುತ್ತಿರಲಿಲ್ಲ.

"ತಾತಾ! ಐದು ಸಲ!" ಎಂದು ಅಕ್ಕ ಸ್ಟಿಯರಿಂಗಿಗೆ ಹಣೆ ಚಚ್ಚಿಕೊಂಡಳು. ಹಾರ್ನ್ ಕೂಗಿತು.

"ನಾನು ಬರ್ತೀನಿ ಅಂದೆ ಪುಟ್ಟಿ, ನೀವೇ ಮನೇಲಿ ಬಿಟ್ಟು ಹೋದ್ರಿ," ಎಂದರು ತಾತ, ಬೇಸರದಿಂದ. ಅವರ ಕೈ ಮತ್ತೆ ಹಿಡಿಯ ಕಡೆ ಸರಿಯುತ್ತಿತ್ತು.

ಮೆಕ್ಯಾನಿಕ್ ಗುಜರಿಯ ರಾಶಿಯಿಂದ ಯಾವುದೋ ಕಾರಿನ ಹ್ಯಾಂಡ್‌ಬ್ರೇಕ್ ಹುಡುಕಿ ತಂದು ತಾತನ ಕೈಗಿಟ್ಟ. "ಯಜಮಾನ್ರೇ, ಇನ್ಮೇಲೆ ಇದು ನಿಮ್ದು. ಹಿಂದೆ ಕೂತ್ಕೊಳ್ಳಿ." ತಾತ ಎಳೆದು ನೋಡಿದರು. ಕಟಕ್ ಚೆನ್ನಾಗಿತ್ತು. ಒಪ್ಪಿಕೊಂಡರು.

ಗ್ಯಾರೇಜಿನ ಹಿಂದಿನ ರಸ್ತೆಯಲ್ಲಿ ಮುಕ್ಕಾಲು ಗಂಟೆ ಅಕ್ಕ ಪಾದದ ತುದಿಯಲ್ಲಿ ತುಳಿಯುವುದನ್ನು ಕಲಿತಳು. "ಇರುವೆ ಮೇಲೆ ಕಾಲಿಟ್ಟಂಗೆ! ಇರುವೆ ಸಾಯ್ಬಾರ್ದು!" ಎಂದು ಮೆಕ್ಯಾನಿಕ್ ಪಕ್ಕದಲ್ಲೇ ಓಡುತ್ತಿದ್ದ.

ಮೂರು ಗಂಟೆಗೆ ಟೆಸ್ಟಿನ ಮೈದಾನದ ಬೆಂಚಿನ ಮೇಲೆ ನಾನು, ತಾತ, ತಾತನ ತೊಡೆಯ ಮೇಲೆ ಹ್ಯಾಂಡ್‌ಬ್ರೇಕ್. ಅಕ್ಕ ಹೊರಟಳು. ತಾತ ಎರಡು ಕಟಕ್ ಎಳೆದು ಕಣ್ಣು ಕಿರಿದು ಮಾಡಿ ಕೂತರು. ಕಾರು ತಿರುವು ದಾಟಿತು, ದಿಬ್ಬ ಏರಿತು, ಒಂದು ಕಂಬವನ್ನೂ ಮುಟ್ಟದೆ ಬಿಳಿ ಗೆರೆಯತ್ತ ಬಂತು. ತಾತ ಹಿಡಿಯನ್ನು ಪೂರ್ತಿ ಮೇಲಕ್ಕೆಳೆದರು. ಕಾರು ಗೆರೆಯ ಮೇಲೇ ನಿಂತಿತು.

ಪರೀಕ್ಷಕರು ಇಳಿದು ಗಾಳಿ ಮೂಸಿದರು. ಏನೂ ಸಿಗಲಿಲ್ಲವೇನೋ, ಸಹಿ ಹಾಕಿದರು. ಅಕ್ಕ ಕಾಗದ ಎತ್ತಿ ಹಿಡಿದು ಕುಣಿಯುತ್ತಾ ನಮ್ಮತ್ತ ಓಡಿ ಬಂದಳು.

ತಾತ ಹಣೆಯ ಬೆವರು ಒರೆಸಿಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದ ಅಪರಿಚಿತ ದಂಪತಿಯ ಕಡೆ ತಿರುಗಿದರು.

"ಮೂರನೇ ಮಹಡಿ. ನಿಧಾನಕ್ಕೆ ಇಳೀರಿ."

ಅವರಿಬ್ಬರೂ ಎದ್ದು, ಕೆಳಗೆ ನೋಡಿಕೊಂಡೇ ಕಾಲಿಟ್ಟು, ಹೊರಟುಹೋದರು.