ಗದಗಿನ ತಾಮ್ರಮುಖ

ನಾನು ಮುಖವಾಗುವ ಮೊದಲು ಕೊಡವಾಗಿದ್ದೆ. ಗದಗಿನ ಒಂದು ಮನೆಯಲ್ಲಿ ಮೂವತ್ತು ವರ್ಷ ನೀರು ತುಂಬಿಕೊಂಡು ಕುಳಿತೆ. ಕೊನೆಗೆ ತಳ ಸೀಳಿತು. ಆ ಮನೆಯವರು ನನ್ನನ್ನು ಮೌನೇಶನ ಪಾತ್ರೆ ರಿಪೇರಿ ಅಂಗಡಿಗೆ ತಂದು, “ಇದನ್ನ ನೀನ ಇಟ್ಕೊಳಪಾ, ನಾವು ಸ್ಟೀಲಿಂದು ತಗೊಂಡೇವಿ” ಎಂದು ಬಿಟ್ಟುಹೋದರು. ಅಂಗಡಿ ಎಂದರೆ ಮನೆಯ ಮುಂದಿನ ತಗಡಿನ ಚಪ್ಪರ, ಒಂದು ಕುಲುಮೆ, ನಾಲ್ಕು ಸುತ್ತಿಗೆ, ಕಲಾಯಿಯ ಹೊಗೆ. ಆ ಹೊಗೆಯಿಂದಲೇ ಹತ್ತಿಕೊಂಡ ಮೌನೇಶನ ಕೆಮ್ಮು.

ಮೂಲೆಯಲ್ಲಿ ಬಿದ್ದಿದ್ದ ನನ್ನನ್ನು ಎಬ್ಬಿಸಿದವಳು ಅವನ ಮಗಳು ಸುಷ್ಮಾ, ಡಿಗ್ರಿ ಓದುವವಳು. ಒಂದು ದಿನ ಅಪ್ಪನಿಗೆ ಮೊಬೈಲಿನಲ್ಲಿ ತಾಮ್ರಮುಖನ ಚಿತ್ರ ತೋರಿಸಿದಳು. ತಾಮ್ರದ ಮುಖವಾಡ ಹಾಕಿಕೊಂಡು ಊರು ಕಾಯುವ ಸಿನಿಮಾ ನಾಯಕ. ಆಗಲೇ ಮೂರು ಭಾಗ ಬಂದಿದ್ದವು, ಒಂದೊಂದನ್ನೂ ಅವಳು ಐದೈದು ಸಲ ನೋಡಿದ್ದಳು. ಈಗ ತಾನೂ ಒಂದು ಸಣ್ಣ ಸಿನಿಮಾ ಮಾಡುವ ಆಸೆ. ಅದರಲ್ಲಿ ತಾಮ್ರಮುಖನಿಗೆ ವಯಸ್ಸಾಗಿದೆ. ಕಾಪಾಡು ಎಂದು ಯಾರೂ ಕರೆಯುವುದಿಲ್ಲ. ಗದಗಿಗೆ ಬಂದು ಪಾತ್ರೆ ರಿಪೇರಿ ಮಾಡಿಕೊಂಡಿದ್ದಾನೆ.

“ಇಂಥಾ ಮಾರಿ ಮಾಡಿಕೊಡಪಾ” ಎಂದಳು.

ಮೌನೇಶ ಚಿತ್ರವನ್ನು ಹಿಗ್ಗಿಸಿ ನೋಡಿದ. “ಇದು ತಾಮ್ರ ಅಲ್ಲವಾ. ಫೈಬರ್‌ಗೆ ಬಣ್ಣ ಹೊಡದಾರ. ತಾಮ್ರ ಹಿಂಗ ಹೊಳಿಯೂದಿಲ್ಲ.”

“ಇಡೀ ಸಿನಿಮಾದಾಗ ನಿನಗ ಅದೊಂದ ಕಾಣ್ತು ನೋಡು!”

ಮೂರು ದಿನ ನನ್ನನ್ನು ಕಾಸಿದ, ನೀರಿಗೆ ಅದ್ದಿದ, ಬಡಿದ. ನೋವಾಯಿತೇ ಎಂದು ಕೇಳಬೇಡಿ. ತಿಳಿದವನ ಕೈಯ ಪೆಟ್ಟು ಬೇರೆ. ನನ್ನ ಕುತ್ತಿಗೆಯ ಬಳಿ, ನನ್ನನ್ನು ಮೊದಲು ಮಾಡಿದವರ ಸಣ್ಣ ಮುದ್ರೆಯೊಂದಿತ್ತು. ಅದೊಂದನ್ನು ಸುತ್ತಿಗೆ ತಾಗದಂತೆ ಉಳಿಸಿಕೊಂಡ. “ರಿಪೇರಿ ಮಾಡಾವ ಮೊದಲ ಮಾಡಿದವರ ಹೆಸರು ಅಳಸಬಾರದು” ಎನ್ನುವುದು ಅವನ ನೇಮ. ಈಗಲೂ ಆ ಮುದ್ರೆ ನನ್ನ ಗಲ್ಲದ ಕೆಳಗಿದೆ.

ಅಳತೆಗೆ ಅವನು ತನ್ನ ಮುಖವನ್ನೇ ಹಿಡಿದಿದ್ದ. ಹೀಗಾಗಿ ಸುಷ್ಮಾಳ ಗೆಳೆಯರು ಯಾರು ಹಾಕಿಕೊಂಡರೂ ನಾನು ಜಾರಿ ಎದೆಗೆ ಬೀಳುತ್ತಿದ್ದೆ. ಕಡೆಗೆ ಮೌನೇಶನೇ ತಾಮ್ರಮುಖನಾದ.

“ಐವತ್ತೈದಕ್ಕ ಹೀರೋ ಆದ್ರಿ ನೋಡ್ರಿ” ಎಂದು ಹೆಂಡತಿ ಕಾಳವ್ವ ನಕ್ಕಳು.

“ಮಾರಿ ಮುಚ್ಚಿಕೊಂಡ್ರ ಯಾರರ ಹೀರೋನ” ಎಂದ ಅವನು ನನ್ನೊಳಗಿನಿಂದ.

ನಾಲ್ಕು ಭಾನುವಾರ ಚಪ್ಪರದ ಕೆಳಗೆ ಚಿತ್ರೀಕರಣ. ಹದಿನೆಂಟು ನಿಮಿಷದ ಆ ಸಿನಿಮಾದಲ್ಲಿ ಅವನ ಮುಖ ಎಲ್ಲಿಯೂ ಕಾಣುವುದಿಲ್ಲ. ಕಾಣುವುದು ನಾನು, ಕೇಳುವುದು ಅವನ ದನಿ. ಕೊನೆಯ ದೃಶ್ಯದಲ್ಲಿ ಮುದಿ ನಾಯಕ ಬೆಸುಗೆ ಹಾಕಿದ ಕೊಡವನ್ನು ಒಬ್ಬ ಹೆಂಗಸಿಗೆ ಕೊಟ್ಟು ಹೇಳುತ್ತಾನೆ: “ಸೋರೂದಿಲ್ಲ ತಗೊಳವ್ವಾ. ನಾ ಇರೂಮಟಾ ಸೋರೂದಿಲ್ಲ.” ಎರಡು ಮಾತಿನ ನಡುವೆ ಅವನಿಗೆ ಕೆಮ್ಮು ಬಂತು.

“ತಡಿಯವಾ, ಇನ್ನೊಮ್ಮೆ ಅಂತೀನಿ.”

“ಬ್ಯಾಡಪಾ, ಹಿಂಗ ಚಂದ ಐತಿ” ಎಂದಳು ಮಗಳು.

ಅವನ ಬೆವರಿಗೆ ನನ್ನೊಳಗೆ, ಹಣೆ ತಾಗುವ ಕಡೆ, ಹಸಿರು ಕಿಲುಬು ಕಟ್ಟಿತು.

ಸುಷ್ಮಾ ಸಿನಿಮಾವನ್ನು ತನ್ನ ಆನ್‌ಲೈನ್ ಚಾನೆಲ್‌ಗೆ ಹಾಕುವ ಮುಂಚೆ ಮೌನೇಶ ಒಂದು ಮಾತು ಹೇಳಿದ. “ಕಥಿ ಅವರದು. ಮೊದಲ ಅವರ ಗುರುತು ಹಾಕು, ಅವರ ಸಂಗೀತ ಹಾಕು. ಆಮ್ಯಾಲೆ ನಮ್ಮದು.” ಮುದ್ರೆ ಉಳಿಸುವವನಲ್ಲವೇ. ಸುಷ್ಮಾ ತಾಮ್ರಮುಖನ ಸಿನಿಮಾ ಮಾಡಿದ ಕಂಪನಿಯ ಲಾಂಛನವನ್ನೂ ಅದರ ಸಂಗೀತವನ್ನೂ ಎಲ್ಲಿಂದಲೋ ತೆಗೆದು ಮೊದಲಿಗೇ ಜೋಡಿಸಿದಳು. ಅಪ್ಪನ ಹೆಸರು ಹಾಕುತ್ತೇನೆಂದರೆ ಅವನು ಬಿಡಲಿಲ್ಲ. ಸಿನಿಮಾ ಚಾನೆಲ್‌ನಲ್ಲಿ ಹೇಗೂ ಇರುತ್ತದಲ್ಲ ಎಂದು, ತುಂಬಿಹೋಗಿದ್ದ ಮೊಬೈಲಿನಿಂದ ಚಿತ್ರೀಕರಿಸಿದ್ದನ್ನೆಲ್ಲ ಅಳಿಸಿಬಿಟ್ಟಳು.

ಮುಂದಿನ ವರ್ಷ ದಸರೆಯ ಹೊತ್ತಿಗೆ ಆ ಕೆಮ್ಮೇ ಅವನನ್ನು ಒಯ್ದಿತು.

ಆಮೇಲೆ ಕಾಳವ್ವ ದಿನಾ ಮಧ್ಯಾಹ್ನ ಊಟ ಮುಗಿಸಿ, ಮಗಳ ಮೊಬೈಲನ್ನು ನೀರಿನ ತಂಬಿಗೆಗೆ ಆನಿಸಿಟ್ಟು ಸಿನಿಮಾ ನೋಡುತ್ತಿದ್ದಳು. ನೋಡುತ್ತಿದ್ದಳು ಅನ್ನುವುದಕ್ಕಿಂತ ಕೇಳುತ್ತಿದ್ದಳು. ಹಾಗೆ ಒಂದು ತಿಂಗಳು. ಒಂದು ಮಧ್ಯಾಹ್ನ ಪರದೆ ಕಪ್ಪಾಗಿತ್ತು. ಹಕ್ಕುದಾರರ ದೂರಿನ ಮೇರೆಗೆ ತೆಗೆಯಲಾಗಿದೆ ಎಂಬ ಒಂದು ಸಾಲು. ಕಾರಣ ಕೆಳಗಿತ್ತು: ಲಾಂಛನ ಮತ್ತು ಸಂಗೀತದ ಅನಧಿಕೃತ ಬಳಕೆ.

“ನಿಮ್ಮಪ್ಪನ ದನಿ ಅವರದು ಹೆಂಗಾತು?” ಎಂದು ಕಾಳವ್ವ ಕೇಳಿದಳು. ಅವನ ದನಿ ಬೇರೆಲ್ಲೂ ಉಳಿದಿರಲಿಲ್ಲ.

ಸುಷ್ಮಾ ಕಂಪನಿಗೆ ಮೂರು ಪತ್ರ ಬರೆದಳು. ಲಾಂಛನ ತೆಗೆಯುತ್ತೇನೆ, ಬೇಕಾದರೆ ಹೆಸರೂ ಬದಲಿಸುತ್ತೇನೆ, ಸಿನಿಮಾವನ್ನು ನಮಗಷ್ಟೇ ಕೊಡಿ ಸಾಕು ಎಂದು. ಉತ್ತರ ಬರಲಿಲ್ಲ. ಬಂದದ್ದು ಫೋನು, ಅದೂ ಬೇರೆ ಕೆಲಸಕ್ಕೆ. ನಾಲ್ಕನೆಯ ಭಾಗ ಬಿಡುಗಡೆಯಾಗಲಿತ್ತು. ಹುಬ್ಬಳ್ಳಿಯ ಮಾಲ್‌ನಲ್ಲಿ ಅಭಿಮಾನಿಗಳ ಕೈಕೆಲಸದ ಪ್ರದರ್ಶನವಂತೆ. ನನ್ನ ಫೋಟೊ ಎಲ್ಲೋ ಕಂಡಿದ್ದರು.

“ಕೊಟ್ಟು ಬಾ. ಎದುರಿಗೆ ನಿಂತು ಕೇಳಿದ್ರ ಕೊಡಬಹುದು” ಎಂದಳು ಕಾಳವ್ವ.

ಹತ್ತು ದಿನ ನಾನು ಗಾಜಿನ ಪೆಟ್ಟಿಗೆಯಲ್ಲಿದ್ದೆ. ಪಕ್ಕದ ದೊಡ್ಡ ಪೆಟ್ಟಿಗೆಯಲ್ಲಿ ಅಸಲಿ ತಾಮ್ರಮುಖ. ಮೌನೇಶ ಹೇಳಿದ್ದು ನಿಜ, ಫೈಬರೇ. ಜನ ಅವನೊಂದಿಗೆ ಸೆಲ್ಫಿ ತೆಗೆದುಕೊಂಡು, ಹೋಗುತ್ತ ನನ್ನತ್ತಲೂ ಒಮ್ಮೆ ನೋಡುತ್ತಿದ್ದರು. ನನ್ನ ಚೀಟಿಯಲ್ಲಿ ‘ಅಭಿಮಾನಿಯ ಕೈಕೆಲಸ, ಗದಗ’ ಎಂದಷ್ಟೇ ಇತ್ತು.

ಕಂಪನಿಯ ಕಡೆಯಿಂದ ಬಂದವಳು ಪೂರ್ವಿ ಎಂಬ ಬೆಂಗಳೂರಿನ ಹುಡುಗಿ. ಸುಷ್ಮಾ ಹೇಳಿದ್ದನ್ನೆಲ್ಲ ನಿಂತು ಕೇಳಿದಳು. ಅವಳ ಕಣ್ಣೂ ತುಂಬಿತು, ಸುಳ್ಳು ಹೇಳಬಾರದು.

“ಅಯ್ಯೋ, ಪಾಪ. ಆದ್ರೆ ಅದೆಲ್ಲ ಲೀಗಲ್‌ನವ್ರು ನೋಡ್ಕೊಳ್ಳೋದು ರೀ. ನಾವು ಬರೀ ಪ್ರಚಾರ. ಅವ್ರು ನಮ್ಮ ಮಾತೂ ಕೇಳಲ್ಲ.”

“ನನ್ನ ಅಪ್ಪ ಮಾಡಿದ ಮುಖವಾಡ ಬೇಕು, ಅವನ ಸಿನಿಮಾ ಬ್ಯಾಡ ಏನ್ರಿ?”

ಪೂರ್ವಿ ತಲೆ ತಗ್ಗಿಸಿದಳು. ಬಳಿಕ, ತನ್ನ ಕೈಲಾದದ್ದು ಮಾಡುತ್ತೇನೆ ಎಂದಳು.

ತನ್ನ ಕೈಲಾದದ್ದನ್ನು ಅವಳು ಮಾಡಿದಳು. ನಾನು ಮನೆಗೆ ಬಂದದ್ದು ಹೊಸ ಪೆಟ್ಟಿಗೆಯಲ್ಲಿ. ಜೊತೆಗೆ ಒಂದು ಚೀಟಿ: ‘ತಂದೆಯವರ ನೆನಪಿಗೆ. ಚೆನ್ನಾಗಿ ಪಾಲಿಶ್ ಮಾಡಿಸಿ, ಮತ್ತೆ ಕಪ್ಪಾಗದ ಹಾಗೆ ವಾರ್ನಿಶ್ ಹಾಕ್ಸಿದ್ದೀನಿ, ಒಳಗೂ ಹೊರಗೂ.’

ಕಾಳವ್ವ ನನ್ನನ್ನು ಮಗುಚಿ ಹಿಡಿದಳು. ವಾರಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ತೊಳೆಯುವಾಗಲೂ ಅವಳು ನನ್ನ ಒಳಗನ್ನು ಮುಟ್ಟುತ್ತಿರಲಿಲ್ಲ. ಈಗ ಹಣೆಯ ಕಡೆ ಕಿಲುಬಿದ್ದ ಜಾಗದಲ್ಲಿ ಬೆರಳಾಡಿಸಿದಳು. ನುಣ್ಣಗಿತ್ತು. ಇನ್ನೊಮ್ಮೆ ಆಡಿಸಿದಳು. ಆಮೇಲೆ ನನ್ನನ್ನು ಕೆಳಗಿಟ್ಟು, ಒಲೆಯ ಮುಂದೆ ಹೋಗಿ ಕೂತಳು.

ಸುಷ್ಮಾ ನನ್ನನ್ನು ಎತ್ತಿಕೊಂಡಳು. ಜಾರದಂತೆ ಎರಡೂ ಕೈಯಿಂದ ಮುಖಕ್ಕೆ ಒತ್ತಿ ಹಿಡಿದು, ದನಿ ದಪ್ಪ ಮಾಡಿ ಹೇಳಿದಳು.

“ಸೋರೂದಿಲ್ಲ ತಗೊಳವ್ವಾ. ನಾ ಇರೂಮಟಾ ಸೋರೂದಿಲ್ಲ.”

ಕಾಳವ್ವ ತಿರುಗಿ ನೋಡಲಿಲ್ಲ.

“ನಡುವ ಕೆಮ್ಮು ಬಿಟ್ಟಿ” ಎಂದಳು.

ಸುಷ್ಮಾ ಮತ್ತೆ ಹೇಳಿದಳು, ನಡುವೆ ಕೆಮ್ಮಿ.

“ಅಷ್ಟು ಜೋರಲ್ಲ. ಅವರು ತಡಕೊಂಡು ಕೆಮ್ಮತಿದ್ರು.”

ಮತ್ತೆ ಹೇಳಿದಳು. ನಾಲ್ಕನೆಯ ಸಲಕ್ಕೆ ಕೆಮ್ಮಿನ ಬದಲು ಅಳು ಬಂತು. ಅವಳ ಕಣ್ಣೀರು ನನ್ನೊಳಗೆ ಎಲ್ಲೂ ಹತ್ತಿಕೊಳ್ಳದೆ, ವಾರ್ನಿಶ್ ಮೇಲೆ ಜಾರಿ ಹೊರಗೆ ಬಿತ್ತು.

ಈಗ ನಾನು ಆ ಮನೆಯ ಕಪಾಟಿನ ಮೇಲಿದ್ದೇನೆ. ಕಿಲುಬು ಕಟ್ಟುವುದಿಲ್ಲ, ಕಪ್ಪಾಗುವುದಿಲ್ಲ. ಗಲ್ಲದ ಕೆಳಗಿನ ಮುದ್ರೆ ಹಾಗೇ ಇದೆ, ಆದರೆ ಅದನ್ನು ಒತ್ತಿದವರು ಯಾರೆಂದು ನನಗೆ ನೆನಪಿಲ್ಲ. ನೆನಪಿರುವವನು ನನ್ನ ಮೇಲೆ ಎಲ್ಲಿಯೂ ತನ್ನ ಹೆಸರು ಒತ್ತಲಿಲ್ಲ.