ಗ್ರಹಣಕ್ಕೆ ಆರಿಸಿದ ಬಲ್ಬು

ಬಾಗಿಲು ದಾಟಿದ ಮನು ಅಲ್ಲೇ ಕಲ್ಲಾಗಿ ನಿಂತ. ನಡುಮನೆಯ ಮೂಲೆಯಲ್ಲಿ ವಾರಗಟ್ಟಲೆ ಹಗಲೂ ರಾತ್ರಿ ಉರಿಯುತ್ತಿದ್ದ ಬಲ್ಬನ್ನು ಯಾರೋ ಹೋಲ್ಡರಿನಿಂದ ಕಳಚಿ ನೆಲಕ್ಕಿಟ್ಟಿದ್ದರು. ಥರ್ಮಾಕೋಲ್ ಪೆಟ್ಟಿಗೆಯ ಮುಚ್ಚಳ ಗೋಡೆಗೆ ಒರಗಿತ್ತು. ಒಳಗೆ ನೀರಿನ ಬಟ್ಟಲೊಂದು ಬಿಟ್ಟರೆ ಏನೂ ಇಲ್ಲ. ಒಂದೇ ಒಂದು ಮೊಟ್ಟೆಯೂ ಇಲ್ಲ. ಶಾಖ ಅಳೆಯುವ ಕಂಟ್ರೋಲರಿನ ಕೆಂಪು ಅಂಕಿ ಇಪ್ಪತ್ತೆಂಟು ಡಿಗ್ರಿ ತೋರಿಸುತ್ತಿತ್ತು. ಇರಬೇಕಾದ್ದು ಮೂವತ್ತೇಳೂವರೆ.

ಅಂತಿಂಥ ಮೊಟ್ಟೆಗಳಲ್ಲ ಅವು. ಅವ್ವ ಚಿಕ್ಕಲಕ್ಷ್ಮಮ್ಮ ಕೊಣನೂರಿನಿಂದ ದುದ್ದದ ಕಡೆಗೆ ಸೊಸೆಯಾಗಿ ಬಂದಾಗ ಬುಟ್ಟಿಯಲ್ಲಿ ಒಂದು ಬೋಳುಕತ್ತಿನ ಕೋಳಿ ತಂದಿದ್ದಳು. ಆ ತಳಿ ಈ ಮನೆಯಲ್ಲಿ ಒಂದು ವರ್ಷವೂ ತಪ್ಪಿರಲಿಲ್ಲ. ಹೋದ ತಿಂಗಳು ರೋಗ ಬಿತ್ತು ನೋಡಿ, ವಾರದೊಳಗೆ ಗೂಡು ಖಾಲಿ. ಬೀದಿಯಲ್ಲೆಲ್ಲ ಹುಡುಕಿದರೂ ಕಾವಿಗೆ ಕೂರಿಸಲು ಒಂದು ಕೋಳಿ ಉಳಿದಿರಲಿಲ್ಲ. ಉಳಿದದ್ದು, ರೋಗ ಬೀಳುವ ಮುಂಚೆ ಇಟ್ಟು ರಾಗಿಯೊಳಗೆ ಹೂತಿದ್ದ ಆ ಒಂದು ಬುಟ್ಟಿ ಮೊಟ್ಟೆ ಮಾತ್ರ. ಅವು ಒಡೆದು ಮರಿಯಾಗದಿದ್ದರೆ ತಳಿ ಅಲ್ಲಿಗೆ ಮುಗಿಯಿತು.

ಮನು ಹತ್ತನೇ ಕ್ಲಾಸು ಮುಗಿಸದೆ ಗೂಡ್ಸ್ ಆಟೋ ಹಿಡಿದವನು. ಗೊರೂರಿನ ಮೀನಿನವರ ಹತ್ತಿರ ಹಳೇ ಪೆಟ್ಟಿಗೆ ತಂದ, ನಾತ ಹೋಗುವಂತೆ ತಿಕ್ಕಿ ತೊಳೆದ, ಕೋಳಿಯ ಕಾವಿನ ಬದಲಿಗೆ ಬಲ್ಬು, ಕಂಟ್ರೋಲರ್ ಕೂರಿಸಿದ. ಮಧ್ಯಾಹ್ನ ಸೂರಿನ ಶೀಟು ಕಾದರೆ ಒಳಗೆ ನಲವತ್ತು ದಾಟುತ್ತಿತ್ತು. ಓಡಿ ಬಂದು ಗಾಳಿತೂತು ತೆಗೆಯುತ್ತಿದ್ದ. ಬೆಳಗಿನ ಜಾವದ ಚಳಿಗೆ ಇಳಿದರೆ ಅದೇ ತೂತಿಗೆ ಬಟ್ಟೆ ತುರುಕುತ್ತಿದ್ದ. ಮುಚ್ಚಳದ ಹತ್ತಿರ ಯಾರು ಸುಳಿದರೂ ಎಗರಿ ಬೀಳುತ್ತಿದ್ದ.

"ಹೆರಿಗೆಗೆ ಬಂದಿರೋಳು ನಾನು. ಬಾಣಂತನದ ಸೇವೆಯೆಲ್ಲ ಆ ಪೆಟ್ಗೆಗೆ ಆಯ್ತೈತೆ ಕಣ್ಲಾ" ಎಂದು ಅಕ್ಕ ಧನ್ಯಾ ರೇಗಿಸುತ್ತಿದ್ದಳು.

ಇವತ್ತು ಬೆಳಗ್ಗೆ ಮೊಟ್ಟೆಗಳ ಒಳಗಿಂದಲೇ ಚಿಂವ್‌ಗುಟ್ಟುವ ಸದ್ದು ಕೇಳಿಸಿತ್ತು. ಇಂಥ ದಿನವೇ ಚನ್ನರಾಯಪಟ್ಟಣಕ್ಕೆ ತೆಂಗಿನಕಾಯಿ ಲೋಡು.

"ಅವ್ವಾ, ಅದರ ತಂಟೆಗೆ ಓಗ್ಬ್ಯಾಡ."

"ನಾನ್ಯಾಕ್ಲಾ ಓಗ್ಲಿ?"

ಆ ಮಾತು ನಂಬಿ ಹೋಗಿದ್ದ. ಸಂಜೆಗೆ ಗ್ರಹಣ ಎನ್ನುವುದು ಅವನ ತಲೆಯಲ್ಲೇ ಇರಲಿಲ್ಲ.

ಹಿತ್ತಲಲ್ಲಿ ನೀರು ಸುರಿಯುವ ಸದ್ದಾಯಿತು. ಓಡಿದ. ಗ್ರಹಣ ಬಿಟ್ಟಿತ್ತು, ಅವ್ವ ಬಿಂದಿಗೆಯ ನೀರೆಲ್ಲ ಚೆಲ್ಲುತ್ತಿದ್ದಳು. ಉಳಿದ ಅನ್ನ ಆಗಲೇ ತಿಪ್ಪೆ ಸೇರಿತ್ತು.

"ಮೊಟ್ಟೆ ಎಲ್ಲವ್ವಾ? ಅವ್ನೂ ಎಸ್ದ್‌ಬುಟ್ಯಾ?"

"ಬಾಯಲ್ಲಿ ಒಳ್ಳೇದು ಬರಾಕಿಲ್ವಾ ನಿಂಗೆ? ಗ್ರಹಣದಲ್ಲಿ ಜೀವ ಇರೋವ್ಕೆ ದೀಪ ಹಚ್ಚಿಟ್ಟು ಓಗಿದ್ದೀಯಲ್ಲ, ಬುದ್ಧಿ ಐತೇನ್ಲಾ? ಬಸುರಿಗೊಂದು ನ್ಯಾಯ, ಮೊಟ್ಟೆಗೊಂದಾ? ಎಲ್ಲಾನೂ ಕತ್ಲೆ ಕೋಣೆಗೆ ಆಕ್ದೆ."

ಕೋಣೆಯ ಬಾಗಿಲು ತಳ್ಳಿದ. ಕಿಟಕಿಗೆ ಚಾಪೆ ಕಟ್ಟಿತ್ತು. ಮೊಬೈಲಿನ ಬೆಳಕು ಬಿಟ್ಟ. ಧನ್ಯಾ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು, ಮುಖವೆಲ್ಲ ಬೆವರು. ಹೊದ್ದ ಕಂಬಳಿ ಸರಿಸಿದರೆ ತುಂಬಿದ ಹೊಟ್ಟೆಯ ಸುತ್ತ, ಸೆರಗಿನ ಮಡಿಲಲ್ಲಿ, ಮೊಟ್ಟೆಗಳೇ ಮೊಟ್ಟೆಗಳು.

"ಅಲ್ಲಾಡಿದ್ರೆ ನನ್ನಾಣೆ ಅಂದು ಓದ್ಲು ಕಣೋ ನಿಮ್ಮವ್ವ. ಕಾಲು ಜೋಮಿಡ್ದು ಸತ್ತೋಗೈತೆ. ಒಳಗಿಂದ ಒಂದು ಒದೀತೈತೆ, ಒರಗಿಂದ ಒಂದು ಕುಟ್ತೈತೆ!"

ಮನು ಪೆಟ್ಟಿಗೆಯ ಥರ್ಮಾಮೀಟರನ್ನು ತಂದು ಮೊಟ್ಟೆಗಳ ನಡುವೆ ತೂರಿಸಿದ. ಅಕ್ಕನ ಮೈಬಿಸಿಗೆ ಮೂವತ್ತನಾಲ್ಕು. ಸಾಲದು. ಒಂದು ಮೊಟ್ಟೆಯಲ್ಲಿ ತೂತು ಬಿದ್ದು ಕೊಕ್ಕಿನ ತುದಿ ಆಡುತ್ತಿತ್ತು. ನಡುಮನೆಗೆ ಓಡಿ ಬಲ್ಬು ತಿರುಗಿಸಿ ಹೊತ್ತಿಸಿದ, ಬಟ್ಟಲಿಗೆ ಬಿಸಿನೀರು ಹಾಕಿದ, ಒಂದೊಂದೇ ಮೊಟ್ಟೆ ಒಳಗಿಟ್ಟು ಮುಚ್ಚಿದ. ಮೂವತ್ತೊಂದು. ಮೂವತ್ಮೂರು. ಅಂಕಿ ಎತ್ತಿನಗಾಡಿಯ ಹಾಗೆ ಏರಿತು.

"ಅವ್ಕೇನಾರ ಆಗ್ಲಿ ಅವ್ವಾ, ನಿನ್ನ ಸುಮ್ನೆ ಬಿಡಾಕಿಲ್ಲ" ಎಂದ.

"ಓಗ್ಲಾ. ನಾನೇನು ಕಾಣ್ದೋಳಾ? ಎಷ್ಟು ಕೋಳಿ ಕೂರ್ಸಿಲ್ಲ ಈ ಕೈಯಾಗೆ!"

ಮಾರನೆಯ ದಿನ ಮೂರು ಮರಿ ಹೊರಬಂದವು. ಅದರಲ್ಲಿ ಒಂದರ ಕತ್ತು ಬೋಳು. ಅವ್ವ ಗೆದ್ದವಳ ಹಾಗೆ ಬೀದಿಗೆಲ್ಲ ಹೇಳಿಕೊಂಡು ಬಂದಳು. ಮಿಕ್ಕ ಮೊಟ್ಟೆಗಳ ಸದ್ದು ಮಾತ್ರ ನಿಂತಿತ್ತು. "ಇನ್ನೊಂದಿನ ನೋಡ್ಲಾ" ಎಂದಳು. ನೋಡಿದ. ಅದರ ಮರುದಿನ ಅವಳ ಎದುರೇ ಕೂತು ಒಂದು ಮೊಟ್ಟೆಯ ಚಿಪ್ಪು ಬಿಡಿಸಿದ.

ಒಳಗೆ ಪೂರ್ತಿ ಬೆಳೆದ ಮರಿ. ಪುಕ್ಕ, ಉಗುರು, ಎಲ್ಲ ಆಗಿತ್ತು. ಕತ್ತು ಬೋಳು. ಕೊಕ್ಕು ಚಿಪ್ಪಿನ ಕಡೆಗೇ ತಿರುಗಿತ್ತು. ಜೀವ ಇರಲಿಲ್ಲ. ಇನ್ನೊಂದು ಬಿಡಿಸಿದ. ಅದೂ ಹಾಗೆಯೇ.

ರೋಗಕ್ಕೆ ಸತ್ತ ಕೋಳಿಗಳನ್ನೆಲ್ಲ ಕಣ್ಣೀರಿಲ್ಲದೆ ಗುಂಡಿಗೆ ಹಾಕಿದ್ದವಳು, ಆ ಮರಿಯನ್ನು ಎತ್ತಿಕೊಂಡು ಹಾಗೇ ಕುಸಿದಳು.

"ನಿಮ್ಮಕ್ಕನ ಮೈ ಬೆಚ್ಚಗಿತ್ತಲ್ಲಪ್ಪ... ನಾನೇ ಮುಟ್ಟಿ ನೋಡಿದ್ದೆ. ಬೆಚ್ಚಗಿತ್ತು."

ಎರಡು ದಿನದಿಂದ ಮನುವಿನ ನಾಲಿಗೆಯ ತುದಿಯಲ್ಲಿ ಬೈಗುಳಗಳು ಸಾಲುಗಟ್ಟಿ ನಿಂತಿದ್ದವು. ಬೈಯುವ ಬದಲು ಅವ್ವನ ಕೈಯಿಂದ ಸತ್ತ ಮರಿಯನ್ನು ತೆಗೆದುಕೊಳ್ಳಲು ಹೋದ. ಅವಳು ಬಿಡಲಿಲ್ಲ, ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಪೆಟ್ಟಿಗೆಯಲ್ಲಿ, ಬೋಳುಕತ್ತಿನ ಮರಿ ಉಳಿದೆರಡರ ಬೆನ್ನ ಮೇಲೆ ತಲೆಯಿಟ್ಟು ನಿದ್ದೆ ಹೋಗಿತ್ತು.