ಎಡಗಡೆಯ ಸ್ಟೇರಿಂಗು

ಮಿಲಿಟರಿ ಲಾರಿಯ ಡ್ರೈವರಾಗಿದ್ದ ಸಲಾವುದ್ದೀನ ೧೯೮೮ರಲ್ಲಿ ಶ್ರೀಲಂಕಾದಲ್ಲಿ ರಸ್ತೆಯಡಿ ಹುಗಿದಿದ್ದ ಮೈನು ಸಿಡಿದು ಸತ್ತ. ಮಣ್ಣು ಅಲ್ಲೇ ಆಯಿತು. ಬ್ಯಾಡಗಿಯ ಮನೆಗೆ ಬಂದದ್ದು ಅವನ ಟ್ರಂಕು ಮಾತ್ರ.

ಜೊತೆಗಿದ್ದ ಹಲಗೇರಿಯ ಗುಡ್ಡಪ್ಪ ರಜೆಗೆ ಬಂದಾಗ ತಾಯಿ ಚಮನಬಿಯ ಮುಂದೆ ಕೂತು, ಎಡಗಡೆಯ ಮುಂದಿನ ಗಾಲಿಗೆ ಸಿಡಿಯಿತು ಎಂದಷ್ಟೇ ಹೇಳಿದ. ಉಳಿದದ್ದನ್ನು, ಹಲಗೇರಿಗೆ ಹೊರಟಾಗ ಸ್ಟೇಷನ್ನಿನಲ್ಲಿ, ಸಲಾವುದ್ದೀನನ ಅಣ್ಣ ಅಬ್ದುಲಗನಿಗೆ ಹೇಳಿದ. ಎಡಕ್ಕೆ ಕೂತಿದ್ದವನು ಅಲ್ಲೇ ಹೋದ; ಬಲಕ್ಕೆ ಸ್ಟೇರಿಂಗು ಹಿಡಿದಿದ್ದ ಸಲಾವುದ್ದೀನ ಸಂಜೆಯವರೆಗೂ ಇದ್ದ, ನೀರು ನೀರು ಎನ್ನುತ್ತಿದ್ದ. ಹೊಟ್ಟೆಗೆ ಪೆಟ್ಟಾದವನಿಗೆ ನೀರು ಕೊಡಬಾರದೆಂದು ಗುಡ್ಡಪ್ಪ ಕೊಟ್ಟಿರಲಿಲ್ಲ.

ತಾಯಿಗೆ ಬೇಕಿದ್ದುದು ಒಂದೇ ಉತ್ತರ: 'ನರಳಿದ್ನೇನೋ, ಗನಿ?'

'ಇಲ್ಲಮ್ಮಾ. ಅವನ ಸೀಟಿನ ಬುಡಕss ಸಿಡೀತು. ಗೊತ್ತಾಗೂದ್ರಾಗ ಹೋದ.'

'ಎಲ್ಲಿ ಕುಂತಿದ್ದ, ತೋರ್ಸು.'

ಟ್ರಂಕಿನಲ್ಲಿ ಅವನು ಮದ್ರಾಸಿನಲ್ಲಿ ಕೊಂಡಿದ್ದ ಡಬ್ಬಿಯೊಂದಿತ್ತು. ಒಳಗೆ ಬಿಡಿಬಿಡಿ ಪ್ಲಾಸ್ಟಿಕ್ ತುಂಡುಗಳು. ಅಂಟಿಸಿದರೆ ಗೇಣುದ್ದದ ಮಿಲಿಟರಿ ಲಾರಿ. ಲಾರಿಗಳಿಗೆ ಬಣ್ಣ ಬಳಿಯುವುದೇ ಅಬ್ದುಲಗನಿಯ ಕಸುಬು. ಗ್ಯಾರೇಜಿನಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ ಜೋಡಿಸತೊಡಗಿದ. ಚಿಮಟದಲ್ಲಿ ಸ್ಟೇರಿಂಗು ಹಿಡಿದ ಕೈ ರೂಢಿಯಂತೆ ಬಲಕ್ಕೆ ಹೋಯಿತು. ಅಲ್ಲಿ ಅದಕ್ಕೆ ತೂತೇ ಇರಲಿಲ್ಲ. ಅಮೆರಿಕದ ಲಾರಿ, ಡ್ರೈವರ್ ಎಡಕ್ಕೆ. ತಾನು ಹೇಳಿದ ಸುಳ್ಳನ್ನು ಯಾರೋ ಪರದೇಶದಲ್ಲಿ ಕೂತು ಮೊದಲೇ ಅಚ್ಚು ಹಾಕಿಟ್ಟಂತಿತ್ತು. ಅವನು ಗಟ್ಟಿಯಾಗಿ ಅಂಟಿಸಿದ, ಅದರ ಹಿಂದೆ ಡಬ್ಬಿಯಲ್ಲಿದ್ದ ಪುಟ್ಟ ಡ್ರೈವರ್ ಗೊಂಬೆಯನ್ನು ಕೂಡಿಸಿದ.

ಡ್ರೈವರ್ ಜಟ್ಟೆಪ್ಪ ಇಣುಕಿ ನೋಡಿ, 'ಗನಿಸಾಬ, ಹಿಂದ ಹಾರ್ನ್ ಪ್ಲೀಸ್ ಬರೀರಿ, ಇಲಿ ಓವರ್‌ಟೇಕ್ ಮಾಡಿಗಿಡ್ಯಾವು' ಎಂದು ನಕ್ಕ. ಯಾರದೆಂದು ತಿಳಿದ ಮೇಲೆ ಬೀಡಿ ಆರಿಸಿ ಪಕ್ಕಕ್ಕೆ ಕೂತ.

ಅಬ್ದುಲಗನಿ ಲಾರಿಯನ್ನು ಮನೆಗೆ ತಂದಾಗ ಚಮನಬಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಯಿಂದ ಆಗಷ್ಟೇ ಬಂದಿದ್ದಳು. ಖಾರದ ಕೈಯಿಂದ ಮುಟ್ಟದೆ, ಬಗ್ಗಿ ಬಗ್ಗಿ ನೋಡಿದಳು.

'ಇವನss ಏನು?'

'ಹ್ಞೂಂ. ಗಾಲಿ ನೋಡು, ಬರೋಬ್ಬರಿ ಅವನ ಬುಡಕ.'

ಅವಳ ಕಣ್ಣು ಗಾಲಿಯಿಂದ ಸ್ಟೇರಿಂಗಿಗೆ ಹೋಯಿತು.

'ನಿಮ್ಮಪ್ಪ ಹುಬ್ಬಳ್ಳಿಗೆ ಮಾಲು ಹೊಡಿಯೂವಾಗ ಕ್ಯಾಬಿನ್ನಿನ್ಯಾಗ ನಾ ಯಾವ ಬಾಜೂಕ ಕುಂದರ್ತಿದ್ದೆ?'

'ಇದು ಫಾರಿನ್ ಲಾರಿ, ಅಮ್ಮಾ.'

'ನನ್ನ ಮಗಾ ಫಾರಿನ್ ಲಾರಿ ಹೊಡೀತಿದ್ನೇನು?'

ಅಬ್ದುಲಗನಿ ಲಾರಿಯನ್ನು ತಿರುಗಿ ಡಬ್ಬಿಯೊಳಗಿಟ್ಟ.

'ಎಷ್ಟೊತ್ತು ಇದ್ದ?'

'ಸಂಜೀತನಕ.'

ಅವಳು ಕಣ್ಣನ್ನು ತೋಳಿಗೆ ಒರೆಸಿಕೊಂಡಳು. 'ಏನರ ಕೇಳಿದ್ನಾ?'

'ನೀರು.'

'ಕೊಟ್ರಾ?'

'ಕೊಟ್ರಮ್ಮಾ. ಗುಡ್ಡಪ್ಪ ಕುಡಿಸ್ಯಾನ, ತನ್ನ ಕೈಯಾರೆ.'

ಚಮನಬಿ ಅವನ ಮುಖವನ್ನೇ ನೋಡಿದಳು. ಆಮೇಲೆ ಕೈ ತೊಳೆಯಲು ಎದ್ದಳು.

'ರಜಾ ಮುಗಿಯೂದ್ರಾಗ ಅವನ್ನ ಕರಕೊಂಡು ಬಾ. ಆ ಕೈಗೆ ನಾನss ಊಟಕ್ಕ ನೀಡಬೇಕು.'